ಇಬ್ಬರ ಕಾರು, ಎರಡು ಗೇರ್‌ಬಾಕ್ಸು

ವಿಮಾನ ನಗರ, ಪುಣೆ
ಶುಕ್ರವಾರ, ೧೨ ಜೂನ್ ೧೯೯೮

ಹೋಟೆಲ್ ಮಾಲಕ ರಘುರಾಮನಿಗೆ,

ನಿನ್ನ ಕ್ಷೇಮ ಕೇಳಲಿಕ್ಕೆ ಈ ಪತ್ರ ಬರೆದಿಲ್ಲ. ಕಾರಿನ ಕ್ಷೇಮ ಕೇಳಲಿಕ್ಕೆ ಬರೆದೇನಿ. ಎಂದಿನಂಗ ಇದನ್ನ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗ ಇಟ್ಟು, ಕೀಲಿ ಚಿಂಚವಾಡದ ಧರ್ಮಣ್ಣನ ಸೈಕಲ್ ಅಂಗಡಿಯ ಮೊಳಿಗೆ ತೂಗಹಾಕಿ ಹೋಗತೀನಿ. ಶುಕ್ರವಾರ ಸಂಜಿಯಿಂದ ಸೋಮವಾರದ ತನಕ ಕಾರು ನಿನ್ನ ಪಾಲು, ಉಳಿದ ದಿನ ನನ್ನದು. ನೀ ತಳೇಗಾಂವದಿಂದ ಬರೋ ಲೋಕಲ್ ರೈಲಿಗೆ ಇನ್ನೂ ಅರ್ಧ ತಾಸು ಅದ. ನಿನ್ನ ಮುಖ ನಾ ನೋಡಬಾರದು, ನನ್ನ ಮುಖ ನೀ ನೋಡಬಾರದು. ಹತ್ತೊಂಬತ್ತು ತಿಂಗಳಿಂದ ಈ ಅರ್ಧ ತಾಸನ್ನ ಇಬ್ಬರೂ ಭಾಳ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದೇವಿ. ನಮ್ಮಿಬ್ಬರ ನಡುವೆ ಕೆಡದೇ ಉಳಿದದ್ದು ಅದೊಂದೇ.

ಮಾತಿಗೆ ಬರತೀನಿ. ಸೋಮವಾರ ಕಾರು ತಗೊಂಡು ಬಾರಾಮತಿ ಕಡೆ ಹೊರಟೆ. ಸಕ್ಕರೆ ಕಾರ್ಖಾನಿಗೆ ಗೋಣಿಚೀಲ ಮಾರೋದು ನನ್ನ ಉದ್ಯೋಗ ಅನ್ನೋದು ನಿನಗ ಗೊತ್ತದ. ಕಬ್ಬಿನ ಹಂಗಾಮಿಗೆ ಮೊದಲು ಆರ್ಡರ್ ಹಿಡೀಬೇಕು, ವಾರಕ್ಕ ಎರಡು ಸಲ ಆ ನೆಟ್ಟನೆ ರಸ್ತೆ ತುಳೀಬೇಕು. ಹಿಂದಿನ ವಾರದ ತನಕ ಐದನೇ ಗೇರಿನಾಗ ಬೆಣ್ಣೆಯಂಗ ಹೋಗತಿದ್ದ ಕಾರು ಈ ಸಲ ಒಂದೇ ಸಮ ಕಿರಚತದ. ಐದನೇದು ಹಾಕಿದ ಮ್ಯಾಲೂ ಇನ್ನೊಂದು ಗೇರು ಬೇಡತದ. ಆರನೇದು ಎಲ್ಲಿ ಅಂತ ನನ್ನ ಎಡಗೈ ದಾರಿಯುದ್ದಕ್ಕೂ ಹುಡುಕಿತು.

ಏನು ಮಾಡೀದಿ? ನಿನಗ ನೆನಪಿಲ್ಲದಿದ್ದರ ಕರಾರುಪತ್ರದ ಕಲಂ ನಾಕು ಬರದು ಕೊಡತೀನಿ, ಯಾಕಂದರ ಅದನ್ನ ರಚಿಸಿದಾಂವ ನಾನು:

ಬಲ್ಬು ಬದಲಿಸಿದರೂ ಬರಹದಲ್ಲಿ ತಿಳಿಸು,
ಬಾಗಿಲ ಬಣ್ಣಕ್ಕೂ ಇಬ್ಬರ ಸಹಿ ಇರಿಸು.

ಕನ್ನಡ ಮಿತ್ರ ಮಂಡಳಿಯ ರಾಜ್ಯೋತ್ಸವದ ಲಕ್ಕಿ ಡ್ರಾಕ್ಕ ಒಂದು ಚೀಟಿ ಅರ್ಧ ನೀನು, ಅರ್ಧ ನಾನು ಹಾಕಿ ತಗೊಂಡಿದ್ದಿವಿ. ಎಂಟು ವರ್ಷ ಒಂದೇ ಖೋಲಿಯಾಗ ಇದ್ದವರು ಅಂತ. ಕಾರು ಬಂತು. ನೀ ವೇದಿಕೆ ಹತ್ತಿ ಕೀಲಿ ಇಸಕೊಂಡು ಏಳು ಮಿನಿಟು ಮಾತಾಡಿದಿ. ಅಧ್ಯಕ್ಷರಿಂದ ಹಿಡಿದು ಮಂಟಪ ಕಟ್ಟಿದವರ ತನಕ ಎಲ್ಲರ ಹೆಸರು ಹೇಳಿ ಧನ್ಯವಾದ ಅಂದಿ. ಒಂದು ಹೆಸರು ಬಿಟ್ಟಿ, ನನ್ನದು. ಕೀಲಿ ಇಸಕೊಂಡ ಅದೇ ಕೈಯಿಂದ ಈಗ ಕಾರಿಗೂ ಏನೋ ಮಾಡೀದಿ ಅಂತ ನನ್ನ ಅನುಮಾನ.

ಮತ್ತ, ಹಿಂದಿನ ಸೀಟು ಹುಳಿಹಿಟ್ಟಿನ ವಾಸನಿ ಹೊಡೀತದ. ಕಾರ್ಖಾನಿ ಸಾಹೇಬರು ಒಳಗ ಕೂತು "ಕಾಂತಪ್ಪ, ಬೆಳಿಗ್ಗೆ ನಾಷ್ಟಾ ಭಾಳ ಆಗೇದೇನು?" ಅಂತ ಕೇಳಿದರು.

ಅರ್ಧ ಕಾರಿನ ಮಾಲಕ,
ಕಾಂತಪ್ಪ

*

ತಳೇಗಾಂವ ದಾಭಾಡೆ
ಸೋಮವಾರ, ೧೫ ಜೂನ್ ೧೯೯೮

ಕವಿಗಳಾದ ಕಾಂತಪ್ಪನವರಿಗೆ,

ತಮ್ಮ ಪದ್ಯ ತಲುಪಿತು. ಓದಿ ಕಾರಿಗೂ ಕೇಳಿಸಿದೆ. ಅದಕ್ಕೆ ಅರ್ಥವಾದ ಹಾಗೆ ಕಾಣಲಿಲ್ಲ.

ಕಾರು ಕಿರುಚುತ್ತದೆ ಎಂದು ಬರೆದಿದ್ದೀ. ನಿನ್ನ ಜೊತೆ ಬಾರಾಮತಿಯವರೆಗೆ ಒಬ್ಬರೇ ಹೋಗಬೇಕಾದರೆ ಯಾರಾದರೂ ಕಿರುಚುತ್ತಾರೆ ಮಾರಾಯ. ಖೋಲಿಯಲ್ಲಿದ್ದಾಗ ನಾನೂ ಎಷ್ಟೋ ಸಲ ಕಿರುಚಬೇಕೆಂದಿದ್ದೆ, ನೆರೆಯವರು ಏನೆಂದುಕೊಂಡಾರು ಎಂದು ಸುಮ್ಮನಿದ್ದೆ.

ವಾಸನೆಯ ವಿಷಯ. ಶನಿವಾರ, ಭಾನುವಾರ ಎರಡು ದಿನ ಬೆಟ್ಟದ ದೇವಸ್ಥಾನದ ಕ್ಯಾಂಟೀನಿಗೆ ಹಿಟ್ಟು, ಸಾಂಬಾರು, ಚಟ್ನಿ ಎಲ್ಲ ಇದೇ ಕಾರಿನಲ್ಲಿ ಹೋಗುವುದು. ಎಂಟು ಡಬ್ಬಿ ಉಂಟು. ಹಿಟ್ಟು ಹುಳಿ ಬರದಿದ್ದರೆ ಇಡ್ಲಿ ಆಗುವುದಿಲ್ಲ, ಗೋಣಿಚೀಲ ಆಗುತ್ತದೆ. ಅದನ್ನು ಮಾರುವವನು ನೀನು, ನಾನಲ್ಲ.

ಕಾರಿಗೆ ಎಂತದ್ದೂ ಆಗಲಿಲ್ಲ. ಮಳೆ ಹಿಡಿದಿದೆ, ಅದಕ್ಕೆ ಶಬ್ದ ಹೆಚ್ಚು ಕೇಳುತ್ತದೆ.

ಇನ್ನರ್ಧದ ಮಾಲಕ,
ರಘುರಾಮ

*

ವಿಮಾನ ನಗರ
ಶುಕ್ರವಾರ, ೧೯ ಜೂನ್ ೧೯೯೮

ಸುಳ್ಳಿನ ಸಾಂಬಾರು ಕುದಿಸುವ ರಘುರಾಮನಿಗೆ,

ಮಳೆ ಬಂದರ ಗೇರಿನ ಹಲ್ಲು ಬದಲಾಗತಾವ ಅನ್ನೋ ಹೊಸ ವಿಜ್ಞಾನ ತಿಳಿಸಿದ್ದಕ್ಕ ಉಪಕಾರ. ನಾನು ಕನ್ನಡ ಮಾಧ್ಯಮದ ಬಿ.ಎ., ಹೌದು. ಆದರ ಬಗ್ಗಿ ನೋಡಲಿಕ್ಕೆ ಇಂಗ್ಲಿಷ್ ಬೇಕಾಗಿಲ್ಲ. ಮಂಗಳವಾರ ಹಳೇ ಚೀಲ ಹಾಸಿ ಕಾರಿನ ಕೆಳಗ ಹೊಕ್ಕೆ. ಎಂಜಿನ್ನಿಗೆ ಹತ್ತೊಂಬತ್ತು ತಿಂಗಳ ಜಿಡ್ಡು ಮೆತ್ತೇದ, ಮಗ್ಗುಲದ ಗೇರ್‌ಬಾಕ್ಸು ಮಾತ್ರ ಈಗಷ್ಟೇ ಎಣ್ಣಿ ಹಚ್ಚಿ ಎರದ ಕೂಸಿನಂಗ ಹೊಳೀತದ. ಬೋಲ್ಟಿನ ತಲೀ ಮ್ಯಾಲೆ ಬಿಚ್ಚೋ ಪಾನಾ ಹಿಡಿದ ಹೊಸ ಗಾಯ. ಮೈಮ್ಯಾಲೆ ಗುಜರಿ ಅಂಗಡಿಯವರು ಹಳದಿ ಬಣ್ಣದಾಗ ಬರದ ನಂಬರು ಇನ್ನೂ ಅಳಿಸಿಲ್ಲ. ಕಳವು ಮಾಡೋರು ಕನಿಷ್ಠ ಒಂದು ಅರಿವಿ ತಗೊಂಡು ಒರಸತಾರ.

ಬುಧವಾರ, ನಾವಿಬ್ಬರೂ ಕಾರು ತೋರಸೋ ತಳೇಗಾಂವದ ಅಂಬಾರಾಯನ ಗ್ಯಾರೇಜಿಗೆ ಫೋನ್ ಹಚ್ಚಿದೆ. ಕಲಬುರ್ಗಿ ಕಡೆಯಾಂವ, ನಮ್ಮ ಮಾತು ತಿಳೀತದ, ಸುಳ್ಳು ಹೇಳಲಿಕ್ಕೆ ಬರೋದಿಲ್ಲ. "ಹೌದ್ರಿ ಕಾಂತಪ್ಪಣ್ಣ, ಇದೇ ಕಂಪನಿ ಹಳೇ ಮಾಡೆಲಿನ ಪೆಟಗಿ ಕೂಡಿಸೇನ್ರಿ. ಬೋಲ್ಟಿನ ತೂತು ಎಲ್ಲಾ ಒಂದ ಅದಾವ್ರಿ, ಒಳಗ ಹಲ್ಲಿನ ಲೆಕ್ಕ ಬ್ಯಾರೆ. ಎಳಿಯೋ ತಾಕತ್ತು ಜಾಸ್ತಿ, ಓಡೋದು ಕಡಿಮಿ. ನಿಮಗ ಗೊತ್ತದ ಅಂದ್ರು ರಘುರಾಮಣ್ಣ." ನನಗ ಗೊತ್ತದ ಅಂತ ಹೇಳೀದಿ. ಈಗ ಗೊತ್ತಾತು.

ಒಂದು ವಿಷಯ ಕಿವಿಗೆ ಹಾಕಿಕೋ. ನಿನ್ನ ಈ ಭಿಕಾರಿ ಪೆಟಗಿಯಿಂದಲೂ ನಾನು ಎಂಬತ್ತರ ವೇಗ ತಗದೇನಿ. ಮೀಟರಿನ ಮುಳ್ಳು ಎಂಬತ್ತರ ಮ್ಯಾಲೆ ಗಟ್ಟಿ ನಿಂತಿತ್ತು. ಓಡಸೋರ ಕೈಯಾಗಿನ ಗುಣ ಅದು, ಗುಜರಿಯಾಗ ಸಿಗೋದಿಲ್ಲ.

ಜುಲೈ ಮೂರನೇ ತಾರೀಖಿನ ಒಳಗ ಮೊದಲಿನ ಪೆಟಗಿ ಮೊದಲಿನ ಜಾಗಾದಾಗ ಇರಬೇಕು. ಇಲ್ಲಂದರ ನಾನೇ ಕೂಡಸತೀನಿ.

ಇಡ್ಲಿ ಬೇಯಿಸೋ ಕೈಗೆ ಯಾಕಪ್ಪ ಪಾನಾ?
ಕರಾರು ಮುರದಾವಗ ಎಲ್ಲಿಯ ಮಾನ?

ಕಲಂ ನಾಕರ ಕರ್ತೃ,
ಕಾಂತಪ್ಪ

*

ತಳೇಗಾಂವ
ಸೋಮವಾರ, ೨೨ ಜೂನ್ ೧೯೯೮

ಕಾಂತಪ್ಪ,

ಹೌದು, ಬದಲಿಸಿದ್ದೇನೆ. ಬಗ್ಗಿ ನೋಡುವಷ್ಟು ಬೆನ್ನು ನಿನಗೆ ಉಂಟು ಎಂದು ಗೊತ್ತಿದ್ದರೆ ಹಳದಿ ನಂಬರು ಒರೆಸುತ್ತಿದ್ದೆ.

ಮೊದಲಿಗೆ, ನನ್ನನ್ನು ಹೋಟೆಲ್ ಮಾಲಕ ಎಂದು ಬರೆಯಬೇಡ. ಹೋಟೆಲು ಅಣ್ಣನದ್ದು. ಹನ್ನೆರಡು ವರ್ಷ ನಾನು ಕೂತ ಗಲ್ಲಾದಲ್ಲಿ ಯುಗಾದಿಯಿಂದ ಅಣ್ಣನ ಮಗ ಲತೇಶ್ ಕೂತಿದ್ದಾನೆ. "ಚಿಕ್ಕಪ್ಪ, ನೀವು ವಿಶ್ರಾಂತಿ ತಕೊಳ್ಳಿ" ಎಂದ. ನಲವತ್ತೇಳಕ್ಕೆ ವಿಶ್ರಾಂತಿ. ಅದಕ್ಕೆ ಬೆಟ್ಟದ ಕ್ಯಾಂಟೀನು ಹಿಡಿದೆ. ಈಗ ನನ್ನದು ಎಂದು ಇರುವುದು ಅದು, ಲೀಲಾಕ್ಷಿ, ಮತ್ತು ಅರ್ಧ ಕಾರು.

ದೇವಸ್ಥಾನದ ಟ್ರಸ್ಟಿನವರ ಷರತ್ತು ಒಂದೇ. ಬೆಳಿಗ್ಗೆ ಏಳಕ್ಕೆ ಆರತಿ ಮುಗಿಯುವಾಗ ತಿಂಡಿ ಬಿಸಿಯಾಗಿ ಇರಬೇಕು. ಮೂರು ಸಲ ತಡವಾದರೆ ಕ್ಯಾಂಟೀನು ಬೇರೆಯವರಿಗೆ. ಮೇ ತಿಂಗಳಲ್ಲೇ ಎರಡು ಸಲ ತಡವಾಯಿತು. ಆ ರಸ್ತೆ ನೀನು ನೋಡಿಲ್ಲ. ಮೂರನೇ ತಿರುವಿನಲ್ಲಿ ರಸ್ತೆ ಹೋಗುವುದಿಲ್ಲ, ಏಳುತ್ತದೆ. ಎಂಟು ಡಬ್ಬಿ, ಸ್ಟೋವು, ನಾವಿಬ್ಬರು. ಒಂದನೇ ಗೇರಿನಲ್ಲೇ ಎಂಜಿನು ನಡುಗಿ ಸತ್ತುಹೋಗುತ್ತಿತ್ತು. ಕ್ಲಚ್ಚು ಸುಟ್ಟ ವಾಸನೆ ಚಟ್ನಿಗೆ ಹತ್ತುತ್ತಿತ್ತು. ಲೀಲಾಕ್ಷಿ ಇಳಿದು ಚಕ್ರದ ಹಿಂದೆ ಕಲ್ಲು ಇಡುವುದು, ನಾನು ಮತ್ತೆ ಸ್ಟಾರ್ಟು ಮಾಡುವುದು, ನಾಲ್ಕು ಮಾರು ಹೋಗುವುದು, ಅವಳು ಕಲ್ಲು ಹಿಡಿದು ಹಿಂದೆ ಓಡಿ ಬರುವುದು. ಎರಡು ತಿಂಗಳು ಹೀಗೆ ನಡೆಯಿತು.

ಅಂಬಾರಾಯ ಹೇಳಿದ್ದು ಸರಳ. ಉದ್ದ ಹೆಜ್ಜೆ ಇಟ್ಟರೆ ಬಯಲಲ್ಲಿ ಬೇಗ ಹೋಗಬಹುದು, ಮೆಟ್ಟಲಲ್ಲಿ ಏದುಸಿರು. ಈ ಪೆಟ್ಟಿಗೆ ಸಣ್ಣ ಹೆಜ್ಜೆಯದ್ದು. ಎಂಜಿನು ಹೆಚ್ಚು ಸುತ್ತು ತಿರುಗುತ್ತದೆ, ಚಕ್ರ ಕಡಿಮೆ, ಆದರೆ ಬಿಡದೆ ಎಳೆಯುತ್ತದೆ. ಹಾಕಿಸಿದ ಮೇಲೆ ಮೂರನೇ ತಿರುವಿನಲ್ಲಿ ಲೀಲಾಕ್ಷಿ ಅಭ್ಯಾಸದಿಂದ ಬಾಗಿಲು ತೆರೆದಳು. ಕಾರು ನಿಲ್ಲಲೇ ಇಲ್ಲ. ಪುನಃ ಬಾಗಿಲು ಹಾಕಿಕೊಂಡಳು.

ನಿನ್ನನ್ನು ಕೇಳಲಿಲ್ಲ, ಹೌದು. ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ಅದೂ ಪ್ರಾಸದಲ್ಲಿ.

ಇನ್ನು ನಿನ್ನ ಕೈಯ ಗುಣ. ಮೀಟರಿನ ತಂತಿ ತಿರುಗಿಸುವ ಹಲ್ಲಿನ ಚಕ್ರ ಈ ಪೆಟ್ಟಿಗೆಯಲ್ಲಿ ಬೇರೆ ಉಂಟು. ಮುಳ್ಳು ಎಂಬತ್ತು ತೋರಿಸಿದರೆ ಕಾರು ಹೋಗುವುದು ಅರವತ್ತೈದರಲ್ಲಿ. ಅಂಬಾರಾಯ ನಿನಗೆ ಹೇಳಲಿಲ್ಲವಾ? ಪಾಪ, ನಾಚಿಕೆಯ ಜನ.

ಹಳೆಯ ಪೆಟ್ಟಿಗೆ ಅವನ ಗ್ಯಾರೇಜಿನಲ್ಲಿ ಉಂಟು. ನಿನ್ನ ಕಂಪನಿಯ ಗೋಣಿಚೀಲದಲ್ಲೇ ಸುತ್ತಿಟ್ಟಿದ್ದಾನೆ. ಶ್ರಾವಣ ಮುಗಿಯುವವರೆಗೆ ಅದು ಅಲ್ಲೇ ಇರಲಿ ಎಂದು ಕೇಳುತ್ತೇನೆ. ಇದು ಬರಹದಲ್ಲಿ ಉಂಟು, ನೋಡಿಕೋ.

ರಘುರಾಮ

*

ವಿಮಾನ ನಗರ
ಶುಕ್ರವಾರ, ೩ ಜುಲೈ ೧೯೯೮

ರಘುರಾಮನಿಗೆ,

ಹೋದ ವಾರ ಡಬ್ಬಿಯೊಳಗ ಏನೂ ಇಡಲಿಲ್ಲ. ಬರೀಲಿಕ್ಕೆ ಸಿಟ್ಟು ಇರಲಿಲ್ಲ ಅಂತಲ್ಲ. ಪದ ಸಣ್ಣವಾಗಿದ್ದವು.

ಬೆಟ್ಟ ನಿನ್ನ ಹೊಟ್ಟಿಪಾಡು ಅಂತ ಬರದಿ. ನನ್ನ ಹೊಟ್ಟಿಗೇನು ದೇವರು ಬ್ಯಾರೆ ಗೇರು ಇಟ್ಟಾನೇನು? ನಿನ್ನ ಅಣ್ಣನ ಮಗ ನಿನ್ನ ಗಲ್ಲಾದಿಂದ ಎಬ್ಬಿಸಿದ ಅಂತ ನೀ ಬಂದು ನನ್ನ ಕಾರಿನ ಕರುಳು ಬದಲಿಸಿದಿ. ನಿನಗೂ ಲತೇಶನಿಗೂ ಏನು ಫರಕು? ಅಂವ ವಿಶ್ರಾಂತಿ ತಗೋರಿ ಅಂತ ಬಾಯಿಲೆ ಆದರೂ ಹೇಳಿದ. ನೀ ಅದನ್ನೂ ಹೇಳಲಿಲ್ಲ.

ಹೇಳದೇ ಇರೋದು ನಿನಗ ಹುಟ್ಟುಗುಣ. ವೇದಿಕೆ ಮ್ಯಾಲೂ ಅದನ್ನೇ ಮಾಡಿದಿ.

ಆದರ ಅದೆಲ್ಲಕ್ಕಿಂತ ಆ ಅರವತ್ತೈದು ಬರದಿ ನೋಡು, ಅದನ್ನ ನಾ ಕ್ಷಮಿಸೋದಿಲ್ಲ. ಬಾರಾಮತಿ ಕಾರ್ಖಾನಿಯ ಖರೀದಿ ಸಾಹೇಬರ ಮುಂದ "ಎಂಬತ್ತರ ಕೆಳಗ ನಾ ಓಡಸೋದಿಲ್ರಿ" ಅಂದಿದ್ದೆ. ಅವರು ನಕ್ಕು, "ಹಂಗಾರ ನಿನ್ನೆ ನಿಮ್ಮನ್ನ ಹಿಂದ ಹಾಕಿದ ಹಾಲಿನ ಟ್ಯಾಂಕರ್ ವಿಮಾನ ಇರಬೇಕು" ಅಂದರು. ಅವತ್ತು ತಿಳೀಲಿಲ್ಲ. ನಿನ್ನ ಪತ್ರ ಓದಿದ ಮ್ಯಾಲೆ ತಿಳೀತು.

ಬುಧವಾರ ರಜಾ ಹಾಕಿ ತಳೇಗಾಂವಕ್ಕ ಬಂದು, ಅಂಬಾರಾಯನ ಎದುರು ಇಡೀ ದಿನ ಸ್ಟೂಲಿನ ಮ್ಯಾಲೆ ಕೂತು, ಹಳೇ ಪೆಟಗಿ ತಿರುಗಿ ಕೂಡಿಸಿಕೊಂಡು ಹೋಗೇನಿ. ಅಂವ ಚಹಾನೂ ತರಿಸಲಿಲ್ಲ. ನಿನ್ನ ಗುಜರಿ ಪೆಟಗಿ ಚೀಲದಾಗ ಕಟ್ಟಿ ಡಿಕ್ಕಿಯೊಳಗ ಇಟ್ಟೇನಿ. ನಿನ್ನ ಸಾಮಾನು, ನೀನೇ ಹೊತಕೋ.

ಗುಡ್ಡ ಹತ್ತೋ ಹುಚ್ಚಿದ್ದರ ಗಾಡಿ ಬೇರೆ ನೋಡ,
ಗೊತ್ತಿಲ್ಲದಂಗ ಗೇರು ಕದ್ದು ಗೆಳೆತನ ಅನಬ್ಯಾಡ.

ಕಾಂತಪ್ಪ

*

ತಳೇಗಾಂವ
ಸೋಮವಾರ, ೬ ಜುಲೈ ೧೯೯೮

ಕಾಂತಪ್ಪಣ್ಣನಿಗೆ ಲೀಲಾಕ್ಷಿ ಮಾಡುವ ನಮಸ್ಕಾರ.

ಇವರು ಇವತ್ತು ಬರೆಯುವುದಿಲ್ಲ ಎಂದರು. ಡಬ್ಬಿ ಖಾಲಿ ಹೋಗಬಾರದು ಎಂದು ನಾನು ಬರೆಯುತ್ತಿದ್ದೇನೆ. ನಿಮ್ಮ ಶುಕ್ರವಾರದ ಪತ್ರ ಇವರು ಓದಿದ್ದು ಭಾನುವಾರ ಮಧ್ಯಾಹ್ನ. ಮೊದಲೇ ಓದಿದ್ದರೆ ಬೇರೇನಾದರೂ ವ್ಯವಸ್ಥೆ ಮಾಡುತ್ತಿದ್ದೆವು. ಶನಿವಾರ ಬಿಡದೆ ಮಳೆ, ಬೆಟ್ಟದ ದಾರಿ ಮುಚ್ಚಿದ್ದರು, ಆದ್ದರಿಂದ ಗೊತ್ತಾಗಲಿಲ್ಲ. ಡಿಕ್ಕಿಯಲ್ಲಿದ್ದ ಚೀಲ ನಿಮ್ಮ ವ್ಯಾಪಾರದ್ದು ಎಂದು ಮುಟ್ಟಲಿಲ್ಲ. ಕಾರು ಸಪ್ಪೆಯಾಗಿದೆ ಎಂದು ಇವರಿಗೆ ತಳೇಗಾಂವದ ಒಳಗೇ ಅನಿಸಿತ್ತಂತೆ. ಪೆಟ್ರೋಲಿನಲ್ಲಿ ನೀರು ಇರಬೇಕು ಎಂದುಕೊಂಡರು.

ಭಾನುವಾರ ಮೂರನೇ ತಿರುವಿನಲ್ಲಿ ಕಾರು ನಿಂತಿತು. ನಿಂತದ್ದು ಮಾತ್ರವಲ್ಲ, ಹಿಂದೆ ಜಾರಲು ಸುರು ಮಾಡಿತು. ಮೊದಲಿನ ಕಲ್ಲನ್ನು ನಾನು ಬಿಸಾಡಿ ಆಗಿತ್ತು, ಇನ್ನು ಬೇಡ ಎಂದು. ಇಳಿದು ಡಿಕ್ಕಿ ತೆರೆದು, ಕೈಗೆ ಸಿಕ್ಕ ಆ ಚೀಲವನ್ನೇ ಎಳೆದು ಚಕ್ರದ ಹಿಂದೆ ಹಾಕಿದೆ. ನಿಂತಿತು. ಕಲ್ಲಿಗಿಂತ ಗಟ್ಟಿ ನಿಂತಿತು. ಚೀಲ ಹರಿದಾಗ ಒಳಗೆ ಹಳದಿ ನಂಬರು ಕಂಡಿತು. ಇವರು ಅದನ್ನು ನೋಡಿ ಮೊದಲ ಡಬ್ಬಿ ಎತ್ತಿದರು. ಅಲ್ಲಿಂದ ಡಬ್ಬಿಗಳನ್ನು ತಲೆಯ ಮೇಲೆ ಹೊತ್ತು ಹೋದೆವು. ನಾಲ್ಕು ಸಲ ಇಳಿದು ಹತ್ತಿದೆವು. ಮೇಲೆ ಮುಟ್ಟುವಾಗ ಎಂಟೂಕಾಲು.

ಟ್ರಸ್ಟಿನ ಹಿರಿಯರಾದ ತಾತ್ಯಾ ಮೂರನೆಯ ಸಲ ಎಂದು ಬೆರಳು ತೋರಿಸಿದರು. ನಾನು ಒದ್ದೆ ಸೀರೆಯಲ್ಲಿ ನಿಂತದ್ದು ನೋಡಿಯೋ ಏನೋ, ಕೊನೆಯದಾಗಿ ಒಂದು ಅವಕಾಶ ಕೊಟ್ಟಿದ್ದಾರೆ. ಜುಲೈ ೨೭, ಶ್ರಾವಣದ ಮೊದಲ ಸೋಮವಾರ. ಅವತ್ತು ಆರೂವರೆಗೆ ಉಪವಾಸದವರಿಗೆ ಸಾಬುದಾಣೆ ಖಿಚಡಿ ತಯಾರಿರಬೇಕು. ತಪ್ಪಿದರೆ ಮುಗಿಯಿತು. ಅಲ್ಲಿಯವರೆಗೆ ಕ್ಯಾಂಟೀನು ಮುಚ್ಚಿದೆ.

ಸೋಮವಾರ ಕಾರು ನಿಮ್ಮ ಪಾಲಿಗೆ ಬರುವ ದಿನ ಎಂದು ನನಗೆ ಗೊತ್ತುಂಟು. ಕೇಳಲಿಕ್ಕೆ ಬರೆದದ್ದಲ್ಲ. ನಡೆದದ್ದು ಬರೆದೆ.

ಖೋಲಿಯಲ್ಲಿ ನನ್ನ ಕೈಯ ಊಟ ಉಂಡ ದಿನಗಳಲ್ಲಿ ನೀವು ಅನ್ನಕ್ಕೂ ಸಾರಿಗೂ ಪ್ರಾಸ ಕಟ್ಟುತ್ತಿದ್ದಿರಿ. ನೀವಿಬ್ಬರೂ ಯಾಕೆ ಹೀಗಾದಿರಿ ಎಂದು ಡಬ್ಬಿ ಹೊರುವಾಗ ಯೋಚಿಸಿದೆ. ದಾರಿ ಮುಗಿಯಿತು, ಉತ್ತರ ಸಿಗಲಿಲ್ಲ.

ಲೀಲಾಕ್ಷಿ

*

ವಿಮಾನ ನಗರ
ಶುಕ್ರವಾರ, ೧೦ ಜುಲೈ ೧೯೯೮

ರಘುರಾಮನಿಗೆ,

ಲೀಲಾಕ್ಷಿ ವಹಿನಿಯ ಅಕ್ಷರ ದುಂಡಗದಾವ. ನಿನ್ನವು ದೋಸೆ ಹರದಂಗ ಇರತಾವ. ಇನ್ನು ಮುಂದ ಅವರೇ ಬರದರ ಕಣ್ಣಿಗೆ ಹಿತ.

ಪತ್ರ ಎರಡು ದಿನ ಡಬ್ಬಿಯೊಳಗ ಇದ್ದರೂ ಓದದೇ ಗುಡ್ಡ ಹತ್ತಿದಿ ಅಂದರ ಅದಕ್ಕ ನಾ ಹೊಣಿ ಅಲ್ಲ. ಓದೋರಿಗಾಗಿ ಬರೀತೀನಿ, ಹಿಟ್ಟು ರುಬ್ಬೋರಿಗಾಗಿ ಅಲ್ಲ. ಮಗ್ಗುಲದಾಗ ಹೆಣ್ಣುಮಗಳನ್ನ ಕೂಡಿಸಿಕೊಂಡು, ಕಾರು ಸಪ್ಪಗಾಗೇದ ಅಂತ ತಿಳಿದ ಮ್ಯಾಲೂ ಹತ್ತಸತಿ ಅಂದರ ನಿನ್ನ ತಲಿಯೊಳಗೂ ಯಾರೋ ಹಲ್ಲು ಕಡಿಮಿ ಇರೋ ಪೆಟಗಿ ಕೂಡಿಸ್ಯಾರ.

ಈ ವಾರ ಬಾರಾಮತಿ ರಸ್ತೆಯಾಗ ತೊಂಬತ್ತು ಹೊಡದೆ. ಖರೇ ತೊಂಬತ್ತು. ಆ ಹಾಲಿನ ಟ್ಯಾಂಕರನ್ನ ಹಿಂದ ಹಾಕಿದೆ. ಕನ್ನಡಿಯಾಗ ಸಣ್ಣಗಾಗಿ ಸಣ್ಣಗಾಗಿ ಹೋತು.

ಹೇಳೋದು ಅಷ್ಟೇ ಇತ್ತು.

ಕಾಂತಪ್ಪ

*

ತಳೇಗಾಂವ
ಸೋಮವಾರ, ೧೩ ಜುಲೈ ೧೯೯೮

ಕಾರು ತೊಳೆದಿದ್ದೇನೆ. ಸೀಟಿನ ವಾಸನೆಗೆ ಲೀಲಾಕ್ಷಿ ಕರ್ಪೂರ ಇಟ್ಟಿದ್ದಾಳೆ. ಇನ್ನು ಎರಡು ವಾರ ನನಗೆ ಕಾರು ಬೇಡ, ಚಿಂಚವಾಡಕ್ಕೆ ತರುವುದು ಬೇಡ. ನೀನೇ ಇಟ್ಟುಕೋ, ಓಡಿಸು, ಯಾರನ್ನು ಬೇಕಾದರೂ ಹಿಂದೆ ಹಾಕು. ೨೭ಕ್ಕೆ ಜೀಪು ಕೇಳಿದ್ದೇನೆ. ಶ್ರಾವಣ ಸೋಮವಾರ ಎಲ್ಲ ಜೀಪೂ ಬುಕ್ಕಾಗಿವೆ ಎನ್ನುತ್ತಾರೆ. ನೋಡುವ.

ರಘುರಾಮ

*

ವಿಮಾನ ನಗರ
ಮಂಗಳವಾರ, ೨೧ ಜುಲೈ ೧೯೯೮

ರಘುರಾಮನಿಗೆ,

ಡಬ್ಬಿ ಬಂದ್ ಆದದ್ದಕ್ಕ ಈ ಪತ್ರಕ್ಕ ಅಂಚೆಚೀಟಿ ಹಚ್ಚಬೇಕಾತು. ನಿನ್ನಿಂದಾದ ತೊಂದರಿಗಳ ಪಟ್ಟಿಯಾಗ ಇದನ್ನೂ ಸೇರಿಸಿಕೋ.

ಎಂಟು ದಿನದಿಂದ ಇಡೀ ಕಾರು ನನ್ನದು. ಶನಿವಾರ ನನ್ನ ಹೆಂಡತಿ ನೀತಾನ್ನ ಕೂಡಿಸಿಕೊಂಡು ಸೋಲಾಪುರ ರಸ್ತೆ ಮ್ಯಾಲೆ ಸುಮ್ಮನ ಹೋಗಿ ಸುಮ್ಮನ ಬಂದೆ. "ಯಾಕ ಇಷ್ಟು ಜೋರು ಓಡಸತೀರಿ, ಎಲ್ಲಿಗಿ ಹೋಗಬೇಕಾಗೇದ?" ಅಂದಳು. ಎಲ್ಲಿಗೂ ಹೋಗೋದಿರಲಿಲ್ಲ. ತಿರುಗಿ ಬರುವಾಗ ಡ್ಯಾಶ್‌ಬೋರ್ಡಿನ ಡಬ್ಬಿ ತಗದು ನೋಡಿ, "ಒಳಗ ಬರೀ ಕರ್ಪೂರ ಅದ" ಅಂದಳು. ಅದು ನನಗೂ ಗೊತ್ತಿತ್ತು.

ಈಗ ಕೆಲಸದ ಮಾತು. ನಿನ್ನ ಗುಜರಿ ಪೆಟಗಿಯನ್ನ ತಿರುಗಿ ಕೂಡಿಸೇನಿ. ತಪ್ಪು ತಿಳೀಬ್ಯಾಡ. ವಹಿನಿ ಹರಿದ ಚೀಲದಾಗ ತುಂಬಿ ಕಳಿಸಿದ ಮ್ಯಾಲೆ ಅದು ಡಿಕ್ಕಿಯಾಗ ಕೂತು ಎಣ್ಣಿ ಸೋರತಿತ್ತು, ಚೀಲದ ನಮೂನಿ ಇಡಲಿಕ್ಕೆ ಜಾಗಾ ಇರಲಿಲ್ಲ. ಎಲ್ಲಾದರೂ ಇಡಬೇಕಲ್ಲ ಅಂತ ಅದರ ಜಾಗಾದಾಗ ಇಟ್ಟೆ. ಅಂಬಾರಾಯ ಕ್ಲಚ್ ಪ್ಲೇಟೂ ಹೊಸದು ಹಾಕ್ಯಾನ. ಈ ಸಲ ಚಹಾ ತರಿಸಿದ. ಎರಡು ಸಲ.

ಕಲಂ ನಾಕರ ಪ್ರಕಾರ ಒಪ್ಪಿಗೆಪತ್ರ ಜೋಡಿಸೇನಿ. ನಾನು ಸಹಿ ಮಾಡೇನಿ, ನೀನೂ ಮಾಡು. ಕರಾರು ಅಂದರ ಹಿಂಗ ಇರತದ, ಕಲತುಕೋ:

ಸಣ್ಣ ಗೇರಿಗೆ ಇಬ್ಬರ ಸಮ್ಮತಿ,
ಸಾಬುದಾಣಿಗೆ ಸಿಗಲಿ ಸದ್ಗತಿ.

ಹಳೇ ಪೆಟಗಿ ನನ್ನ ಬಾಲ್ಕನಿಯಾಗ ಅದ. ಅದರ ಮ್ಯಾಲೆ ನೀತಾ ಗುಲಾಬಿ ಕುಂಡ ಇಟ್ಟಾಳ. ಕುಂಡ ಎತ್ತಿದರ ನನ್ನ ತಲಿ ಒಡೀತಾಳ, ಹಿಂಗಾಗಿ ಸದ್ಯಕ್ಕ ತಿರುಗಿ ಕೂಡಿಸೋ ಮಾತಿಲ್ಲ.

ಶುಕ್ರವಾರ ಸಂಜಿಗೆ ಕೀಲಿ ಧರ್ಮಣ್ಣನ ಮೊಳಿ ಮ್ಯಾಲೆ ಇರತದ. ಸೋಮವಾರ ೨೭ಕ್ಕ ನನಗ ಬಾರಾಮತಿ ಕೆಲಸ ಇಲ್ಲ, ರಜ. ಕಾರು ಮಂಗಳವಾರ ತಂದು ಬಿಡು.

ಮತ್ತ ಮೂರನೇ ತಿರುವಿಗೆ ಒಂದು ಕಲ್ಲು ಇಟ್ಟುಕೋರಿ. ನಿನ್ನ ಓಡಿಸೋ ಕೈ ಮ್ಯಾಲೆ ನನಗ ಎಂದೂ ನಂಬಿಕಿ ಇಲ್ಲ.

ಕಾಂತಪ್ಪ

*

ತಳೇಗಾಂವ
ಮಂಗಳವಾರ, ೨೮ ಜುಲೈ ೧೯೯೮

ಕಾಂತಪ್ಪ,

ಸಹಿ ಹಾಕಿದ ಕಾಗದ ಡಬ್ಬಿಯಲ್ಲಿ ಉಂಟು. ಸದ್ಗತಿ ಸತ್ತವರಿಗೆ ಸಿಗುವುದು. ಬಿ.ಎ. ಮಾಡಿದವರು ಪ್ರಾಸಕ್ಕಾಗಿ ಖಿಚಡಿಯನ್ನು ಕೊಲ್ಲಬಾರದು.

ನಿನ್ನೆ ಐದೂವರೆಗೆ ಹೊರಟೆವು. ಮಳೆ ಇತ್ತು. ಮೂರನೇ ತಿರುವಿನಲ್ಲಿ ಎರಡನೇ ಗೇರಿನಲ್ಲೇ ಹತ್ತಿತು, ಶಬ್ದ ಮಾಡಿತು, ನಿಲ್ಲಲಿಲ್ಲ. ನೀನು ಹೇಳಿದ ಕಲ್ಲನ್ನು ಲೀಲಾಕ್ಷಿ ಕಾಲ ಬುಡದಲ್ಲಿ ಇಟ್ಟುಕೊಂಡಿದ್ದಳು. ಹಾಗೆಯೇ ಕೆಳಗೆ ವಾಪಸು ಬಂತು. ಆರೂ ಹತ್ತಕ್ಕೆ ಒಲೆ ಹಚ್ಚಿದೆವು. ತಾತ್ಯಾ ಗಡಿಯಾರ ನೋಡಿದರು, ಪುನಃ ನೋಡಿದರು, ಆಮೇಲೆ ಖಿಚಡಿ ಕೇಳಿದರು. ಕ್ಯಾಂಟೀನು ಮುಂದಿನ ಯುಗಾದಿಯವರೆಗೆ ನಮ್ಮದೇ.

ಆರತಿಯ ನಂತರ ಸೇವೆ ಮಾಡಿದವರ ಹೆಸರನ್ನು ಮೈಕಿನಲ್ಲಿ ಹೇಳುವ ಪದ್ಧತಿ ಅಲ್ಲಿ ಉಂಟು. ಮೈಕು ನನ್ನ ಕೈಗೂ ಕೊಟ್ಟರು. ಈ ಸಲ ಏಳು ನಿಮಿಷ ತಕೊಳ್ಳಲಿಲ್ಲ. "ಖಿಚಡಿ ನಮ್ಮದು, ಅದನ್ನು ಮೇಲೆ ತಂದ ಕಾರು ಕಾಂತಪ್ಪನದ್ದು" ಎಂದು ಮರಾಠಿಯಲ್ಲಿ ಹೇಳಿ ಕೆಳಗಿಟ್ಟೆ. ಜನ ಖಿಚಡಿಯ ಕಡೆ ನೋಡುತ್ತಿದ್ದರು, ಯಾರೂ ಕೇಳಿರಲಿಕ್ಕಿಲ್ಲ.

ಸಾಲಿನ ಕೊನೆಯಲ್ಲಿ ಛತ್ರಿ ಅಡ್ಡ ಹಿಡಿದು, ಕೆಸರು ತುಳಿದ ಚಪ್ಪಲಿಯಲ್ಲಿ ನಡೆದೇ ಹತ್ತಿ ಬಂದ ಒಬ್ಬ ದಪ್ಪ ಮನುಷ್ಯ ಎರಡು ತಟ್ಟೆ ತಿಂದು ಹೋದ ಎಂದು ಲೀಲಾಕ್ಷಿ ಹೇಳಿದಳು. ಅದು ನೀನೇ ಎಂದು ಅವಳ ಅನುಮಾನ. ನಾನು ಹೇಳಿದೆ, ಅವನಲ್ಲ, ಅವನಿಗೆ ಬೆಟ್ಟ ಹತ್ತುವ ಗೇರು ಇಲ್ಲ ಎಂದು.

ರಘುರಾಮ

*

ವಿಮಾನ ನಗರ
ಶುಕ್ರವಾರ, ೩೧ ಜುಲೈ ೧೯೯೮

ರಘುರಾಮನಿಗೆ,

ಕಾರು ಕಾಂತಪ್ಪನದ್ದು ಅಂತ ಹೇಳಿದ್ದು ತಪ್ಪು. ಅರ್ಧ ನಿನ್ನದು. ಮೈಕ್ ಸಿಕ್ಕಾಗೆಲ್ಲ ನಿನ್ನ ನಾಲಿಗಿ ಯಾವುದೋ ಒಂದು ಕಡೆ ಜಾರತದ.

ಖಿಚಡಿಗೆ ಉಪ್ಪು ಕಡಿಮಿ ಇತ್ತು. ಸೇಂಗಾ ಇನ್ನಷ್ಟು ಹುರೀಬೇಕಿತ್ತು. ಎರಡನೇ ತಾಟಿನಾಗೂ ಅದೇ ಕತಿ. ಅದಕ್ಕಿಂತ ಹೆಚ್ಚು ಹೇಳೋದಿಲ್ಲ. ಯಾರು ತಿಂದರು, ಯಾರು ನೋಡಿದರು ಅಂತ ಪತ್ತೇದಾರಿ ಮಾಡಬ್ಯಾಡ.

ನಿನ್ನ ಪೆಟಗಿ ಬಾರಾಮತಿ ರಸ್ತೆಯಾಗ ಮೊದಲಿನಂಗ ಬೊಬ್ಬಿ ಹೊಡೀತದ. ಬುಧವಾರ ಆ ಹಾಲಿನ ಟ್ಯಾಂಕರ್ ತಿರುಗಿ ನನ್ನ ಹಿಂದ ಹಾಕಿತು. ಡ್ರೈವರ್ ಕೈ ಬೀಸಿದ. ನಾನೂ ಬೀಸಿದೆ. ಮುಳ್ಳು ಎಂಬತ್ತರ ಮ್ಯಾಲೆ ಗಟ್ಟಿ ನಿಂತಿತ್ತು.

ಮೀಟರಿನ ಆ ಸಣ್ಣ ಗಾಲಿ ಬದಲಿಸಿ ಕೊಡತೀನಿ, ಖರೇ ವೇಗ ತೋರಸತದ ಅಂತ ಅಂಬಾರಾಯ ಅಂದ. ಕಲಂ ನಾಕು ನೆನಪು ಮಾಡಿಕೊಟ್ಟೆ. ಅದಕ್ಕ ಇಬ್ಬರ ಸಹಿ ಬೇಕಾಗತದ, ನನ್ನ ಸಹಿ ಸಿಗೋದಿಲ್ಲ ಅಂತ ಹೇಳಿ ಕಳಿಸಿದೆ.

ಮೊನ್ನಿ ಕೀಲಿ ಮೊಳಿ ಮ್ಯಾಲೆ ಓರೆ ತೂಗಹಾಕಿದ್ದಿ. ಧರ್ಮಣ್ಣ ಅಂಗಡಿ ಬಾಗಿಲು ಎಳೆಯೋ ಮುಂದ ಬಿದ್ದಿತ್ತಂತ. ಒಂದು ಕೀಲಿ ನೆಟ್ಟಗ ಹಾಕಲಿಕ್ಕೆ ಬರೋದಿಲ್ಲ ನಿನಗ. ಇವತ್ತು ನಿನ್ನ ಲೋಕಲ್ ಬರೋ ತನಕ ಅಲ್ಲೇ ಬೆಂಚಿನ ಮ್ಯಾಲೆ ಕೂತಿರತೀನಿ, ಬಂದ ಮ್ಯಾಲೆ ಹ್ಯಾಂಗ ಹಾಕೋದು ಅಂತ ತೋರಸತೀನಿ. ಈ ಪತ್ರ ಡಬ್ಬಿಯೊಳಗ ಇರತದ, ಆಮ್ಯಾಲೆ ಓದಿಕೋ.

ಎಂಬತ್ತರ ವೇಗದ,
ಕಾಂತಪ್ಪ